ಸ್ವಿಚ್ಚಿಗಿಟ್ಟ ಕುಂಕುಮ

ನಗಿಸಬೇಕು ಅಂತಲೇ ಓಬಳೇಶ್ ಆ ಮಾತು ಆಡಿದ. ಎಲ್ಲರೂ ನಕ್ಕರು ಕೂಡ. ನಗದೆ ಉಳಿದವಳು ಒಬ್ಬಳೇ, ಮತ್ತು ಅವನು ನಗಿಸಬೇಕೆಂದು ಆಸೆಪಟ್ಟಿದ್ದು ಅವಳೊಬ್ಬಳನ್ನೇ.

ವಿಜಯದಶಮಿಯ ಮಾರನೆಯ ಬೆಳಿಗ್ಗೆ. ನ್ಯಾಮತಿಯ ರೈತರ ಮಾರಾಟ ಸಂಘದ ಮುಂದೆ ಮೆಕ್ಕೆಜೋಳದ ಟ್ರಾಕ್ಟರ್‌ಗಳು ರಸ್ತೆಯ ತಿರುವಿನವರೆಗೂ ನಿಂತಿದ್ದವು. ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿದರೆ ತೂಕ ತಾನಾಗಿಯೇ ಒಳಗಿನ ಕಂಪ್ಯೂಟರಿಗೆ ಬರಬೇಕು, ಬಿಲ್ ಆಗಬೇಕು, ಗಾಡಿ ಮುಂದೆ ಹೋಗಬೇಕು. ಅವತ್ತು ತೂಕ ತೂಕದ ಕಡೆಯೇ ಉಳಿದಿತ್ತು, ಬಿಲ್ಲಿನ ಕಂಪ್ಯೂಟರ್ ಬರಿಗೈಯಲ್ಲಿ ಕೂತಿತ್ತು. ರೈತರು ಕಿಟಕಿಗೆ ಮುಖ ಒತ್ತಿ ಒಳಗೆ ಇಣುಕುತ್ತಿದ್ದರು.

ಓಬಳೇಶನಿಗೆ ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ ಇದೆ. ಕಂಪ್ಯೂಟರ್ ರಿಪೇರಿ, ಸಿಸಿ ಕ್ಯಾಮೆರಾ, ನೆಟ್‌ವರ್ಕ್. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಾಂಟ್ರಾಕ್ಟ್ ಅವನದೇ ಆದ್ದರಿಂದ ಬೈಕ್ ಹತ್ತಿ ಓಡಿ ಬಂದಿದ್ದ.

"ಬಾರಪ್ಪಾ ಓಬಳೇಶಿ," ಅಂದರು ಸಂಘದ ಕಾರ್ಯದರ್ಶಿ ಮಹೇಶ್ವರಪ್ಪ. "ಬೆಳಿಗ್ಗಿಂದ ಜನರ ಬಾಯಿಗೆ ಬಿದ್ದು ಸಾಕಾಗೈತೆ. ಕಂಪ್ಯೂಟ್ರು ಎಲ್ಲಾ ಆನ್ ಆಗ್ತಾವೆ, ಒಂದಕ್ಕೊಂದು ಮಾತ್ರ ಮಾತಾಡವಲ್ವು."

"ಸ್ವಿಚ್ ನೋಡ್ತೀನಿ ಸರ್."

ಸ್ವಿಚ್ ಅಂದರೆ ಇಲ್ಲಿ ದೀಪ ಹಾಕುವ ಸ್ವಿಚ್ಚಲ್ಲ. ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳೂ ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುವುದು ಅದರ ಕೆಲಸ. ಅದು ಗೋಡೆಯ ಮೇಲಿನ ಕಬ್ಬಿಣದ ಗೂಡಿನಲ್ಲಿತ್ತು, ಗೂಡಿನ ಬೀಗದ ಕೈ ಕಂಪ್ಯೂಟರ್ ಆಪರೇಟರ್ ಉಷಾರಾಣಿಯ ಹತ್ತಿರ ಇತ್ತು. ಅವಳು ಬಂದು ಬೀಗ ತೆಗೆದು ಪಕ್ಕಕ್ಕೆ ಸರಿದು ನಿಂತಳು.

ಒಳಗೆ ಬಾಡಿದ ಚೆಂಡುಹೂವಿನ ಹಾರ. ಪೆಟ್ಟಿಗೆಯ ಮೇಲೆ ಮೂರೆಳೆ ವಿಭೂತಿ, ನಡುವೆ ದುಂಡನೆಯ ಕುಂಕುಮ. ಮುಂದಿನ ಹಸಿರು ದೀಪಗಳೆಲ್ಲ ಒಟ್ಟಿಗೆ, ಒಂದೇ ಸಮನೆ, ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು.

ಕಸುಬು ಬಲ್ಲವನು ಆ ದೀಪಗಳನ್ನು ನೋಡಬೇಕಿತ್ತು. ಓಬಳೇಶ್ ಕುಂಕುಮ ನೋಡಿದ. ಕೇಬಲ್ ಸಿಗಿಸುವ ತೂತುಗಳ ಅಂಚಿನಲ್ಲಿ ಒಂದಿಷ್ಟು ಕೆಂಪು ಪುಡಿ ಕಂಡದ್ದೇ ತಡ, ಕಾಯಿಲೆ ಸಿಕ್ಕೇಬಿಟ್ಟಿತು ಅಂದುಕೊಂಡ. ಕಿಟಕಿಯ ತುಂಬ ಜನ, ಪಕ್ಕದಲ್ಲಿ ಉಷಾ. ಗಂಡಸಿಗೆ ಬುದ್ಧಿ ಕೈಕೊಡಲು ಇಷ್ಟು ಸಾಕು.

"ಏನ್ ಮೇಡಂ, ಸ್ವಿಚ್ಚಿಗೆ ಸೀಮಂತ ಮಾಡ್ದಂಗೈತಲ್ಲ," ಅಂದ ಜೋರಾಗಿ. "ತೂತಿನೊಳಗೆಲ್ಲ ಕುಂಕುಮ ಹೋಗೈತೆ. ಇನ್ನೊಂದು ಆರತಿ ಎತ್ತಿದ್ರೆ ಹೆರಿಗೇನೂ ಆಗ್ತಿತ್ತು."

ಕಿಟಕಿ ಗೊಳ್ಳೆಂದಿತು. "ಗಂಡೋ ಹೆಣ್ಣೋ ನೋಡ್ರಪ್ಪಾ" ಅಂತ ಹಿಂದಿನಿಂದ ಯಾರೋ ಕೂಗಿದರು. ಮಹೇಶ್ವರಪ್ಪನವರೂ ಮೊದಲು ನಕ್ಕರು, ಆಮೇಲೆ ಹೊರಗಿನ ಟ್ರಾಕ್ಟರ್‌ಗಳ ಸಾಲು ನೆನಪಾಗಿ ಮುಖ ಗಂಟು ಹಾಕಿಕೊಂಡರು.

"ಒಣ ಬಟ್ಟೇಲಿ ಒರೆಸಿ, ಮೇಲ್ ಮೇಲೆ ಹಚ್ಚಿದ್ದೆನ್ರಿ," ಅಂದಳು ಉಷಾ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಓಬಳೇಶನಿಗೆ ಕೇಳಿಸಿತು.

"ಬೀಗದ ಕೈ ಇಲ್ಲಿ ಕೊಡಮ್ಮ," ಮಹೇಶ್ವರಪ್ಪ ಕೈ ಚಾಚಿದರು. "ಇನ್ನ ಇದರ ತಂಟೆಗೆ ಬರಬ್ಯಾಡ. ಹೊರಗೆ ಹೋಗಿ ತೇವ ನೋಡೋ ಮಷಿನ್ ಹತ್ರ ಕುಂದ್ರು. ನಿನ್ನ ಕಾಯಂ ಮಾಡೋ ವಿಷಯ ಸೋಮವಾರ ಕಮಿಟಿ ಮುಂದೆ ಬರ್ತೈತಲ್ಲ, ಅವಾಗ ನೋಡಾನ."

ಕಾಯಂ ಎಂಬ ಆ ಒಂದು ಮಾತಿಗಾಗಿ ಉಷಾ ಜಗಳೂರು ಬಿಟ್ಟು ಬಂದು, ಸೋದರತ್ತೆ ಬೊಮ್ಮಕ್ಕನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ದಿನ ದೂಡುತ್ತಿದ್ದಳು. ಅದು ಓಬಳೇಶನಿಗೂ ಗೊತ್ತಿತ್ತು. ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಅವನ ನಗು ಇನ್ನೂ ಮುಖದ ಮೇಲೇ ಇತ್ತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಇವನು ಅವಳನ್ನು ಮೊದಲು ಮೆಚ್ಚಿದ್ದು ಕಿವಿಯಿಂದ. ಸಂಘಕ್ಕೆ ಬಂದ ಹೊಸತರಲ್ಲಿ ಅವಳು ಫೋನಿನಲ್ಲಿ "ಅವ್ವಾ, ಉಂಡೇನು?" ಅಂತ ಕೇಳುತ್ತಿದ್ದಳು. ಓಬಳೇಶನೂ ಜಗಳೂರು ಸೀಮೆಯವನೇ. ಹೊನ್ನಾಳಿಗೆ ಬಂದ ಮೇಲೆ ಆ ಎಳೆದು ಆಡುವ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ಹಿಡಿದುಕೊಂಡು ಅವಳು ಫೋನ್ ಇಡುವತನಕ ಕೇಳುತ್ತ ನಿಂತಿದ್ದ.

ಆಮೇಲೆ ಮಾತು ಬೆಳೆಯಿತು. ಅವಳಿಗೆ ತಮಾಷೆ ಮಾಡುವುದು ಗೊತ್ತಿತ್ತು, ತುಟಿ ಮಾತ್ರ ನಗುತ್ತಿರಲಿಲ್ಲ. ಕಣ್ಣಿನ ಮೂಲೆಯಲ್ಲಿ ಒಂಚೂರು ನಗು ಬಂದು, ಇವನು ನೋಡುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಅದನ್ನು ಹಿಡಿಯಬೇಕೆಂದೇ ಅವನು ಹೊನ್ನಾಳಿಯಿಂದ ಎಷ್ಟೋ ಸಲ ಬಂದಿದ್ದಾನೆ. ಪೆಟ್ರೋಲ್ ಬಂಕಿನವನಿಗೆ ಅವನ ಮೇಲೆ ಬಹಳ ಪ್ರೀತಿ.

ಆಯುಧಪೂಜೆಯ ದಿನ ಅವನಿಗೂ ಕರೆ ಬಂದಿತ್ತು. ಮಷಿನ್ನುಗಳನ್ನೆಲ್ಲ ಆಫ್ ಮಾಡಿ, ತೊಳೆಯುವುದನ್ನು ತೊಳೆದು, ಒರೆಸುವುದನ್ನು ಒರೆಸಿ, ವೇಬ್ರಿಡ್ಜ್‌ಗೆ ಬಾಳೆಕಂದು ಕಟ್ಟಿದ್ದರು. ಉಷಾ ಗಿಳಿಹಸಿರು ಸೀರೆಯುಟ್ಟು ಬಟ್ಟಲು ಹಿಡಿದು ಒಂದೊಂದಕ್ಕೂ ಕುಂಕುಮ ಇಡುತ್ತ ಬಂದಳು. ಗೂಡು ಎತ್ತರದಲ್ಲಿತ್ತು. ಅವಳು ಹೆಬ್ಬೆರಳ ಮೇಲೆ ನಿಂತು ಕೈ ಎತ್ತಿದಾಗ ಬಳೆಗಳೆಲ್ಲ ಜಾರಿ ಮೊಳಕೈಗೆ ಬಂದವು. ಓಬಳೇಶ್ ಪಕ್ಕದಲ್ಲಿ ನಿಂತು ಅವಳಿಗೆ ಅಡ್ಡ ಬರುವ ವೈರುಗಳನ್ನು ಸರಿಸುತ್ತಿದ್ದ.

"ನಿಮ್ ಲ್ಯಾಪ್‌ಟಾಪಿಗೂ ಇಡ್ಲಾ?" ಅಂತ ಕೇಳಿದ್ದಳು.

"ಇಡ್ರಿ. ಅದಕ್ಕೂ ಹೇಳ್ಕೊಳ್ಳಾಕೆ ಯಾರೂ ಇಲ್ಲ."

"ಅದಕ್ಕೂ ಅಂದ್ರೆ? ಇನ್ಯಾರಿಗೆ ಇಲ್ಲ?"

ಅವಳು ಮಂಡಕ್ಕಿ, ಕೊಬ್ಬರಿ, ಬೆಲ್ಲದ ಪ್ರಸಾದವನ್ನು ಅವನ ಬೊಗಸೆಗೆ ಸುರಿದು ಮುಂದಕ್ಕೆ ಹೋಗಿದ್ದಳು. ಎರಡು ದಿನ ಅವನು ಆ ಪ್ರಶ್ನೆಯನ್ನೇ ಮೆಲುಕು ಹಾಕಿಕೊಂಡು ಇದ್ದ.

ಅಂಥವಳನ್ನು ಈಗ ಊರ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದ್ದ. ಹೊಸ ಸ್ವಿಚ್ ತರಲು ಹೊನ್ನಾಳಿಗೆ ಹೋಗುವಾಗ ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡ. ತಮಾಷೆಗೆ ಅಂದದ್ದು, ಸುಳ್ಳೇನೂ ಅಲ್ಲವಲ್ಲ, ಕುಂಕುಮ ಹೋಗಿತ್ತಲ್ಲ. ಸಂಜೆಯೊಳಗೆ ಮಾತಾಡಿಸಿ ಸರಿ ಮಾಡಿಕೊಳ್ಳೋಣ ಅಂದುಕೊಂಡ.

ಬಂದು ಹೊಸ ಸ್ವಿಚ್ಚನ್ನು ಹಳೆಯದರ ಪಕ್ಕದಲ್ಲಿಟ್ಟು, ಅದರ ಮೊದಲ ತೂತಿನ ಕೇಬಲ್ ಇದರ ಮೊದಲ ತೂತಿಗೆ, ಅದರ ಎರಡನೆಯದು ಇದರ ಎರಡನೆಯದಕ್ಕೆ, ಹೀಗೆ ಒಂದೊಂದಾಗಿ ಬದಲಾಯಿಸಿದ. ಕರೆಂಟ್ ಕೊಟ್ಟ. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ನೋಡನೋಡುತ್ತ ಎಲ್ಲವೂ ಒಟ್ಟಿಗೆ, ಒಂದೇ ಸಮನೆ ಮಿಣುಕತೊಡಗಿದವು.

ಹೊಸ ಸ್ವಿಚ್ಚಿನ ಮೈಮೇಲೆ ಒಂದು ಚಿಟಿಕೆ ಕುಂಕುಮವಿರಲಿಲ್ಲ.

ಓಬಳೇಶನ ಕಿವಿ ಬಿಸಿಯಾಯಿತು. ಈಗ ಅವನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ದೀಪ ನೋಡುತ್ತ ಬಂದ. ಬಿಲ್ಲಿನ ಕೌಂಟರಿನದು ಕಿತ್ತ, ಏನೂ ಆಗಲಿಲ್ಲ. ವೇಬ್ರಿಡ್ಜ್‌ನದು ಕಿತ್ತ, ಆಗಲೂ ಹಾಗೇ. ಒಂದು ನೀಲಿ ಕೇಬಲ್ ಕಿತ್ತದ್ದೇ ದೀಪಗಳೆಲ್ಲ ತಣ್ಣಗಾದವು. ಆ ಕೇಬಲ್ ಎಲ್ಲಿಂದ ಬಂದಿದೆಯೆಂದು ಕೈಯಿಂದ ಹಿಡಿದುಕೊಂಡು ಹೋದ. ಅದು ಚೆಂಡುಹೂವಿನ ಹಾರದ ಹಿಂದೆ ಹಾದು, ಸುತ್ತು ಹಾಕಿ, ಮತ್ತೆ ಇದೇ ಸ್ವಿಚ್ಚಿನ ಇನ್ನೊಂದು ತೂತಿಗೆ ಬಂದು ಕೂತಿತ್ತು.

ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸಿಗಿಸಿದರೆ, ಒಂದು ತೂತಿನಿಂದ ಹೊರಟ ಮಾತು ಇನ್ನೊಂದು ತೂತಿನಿಂದ ಒಳಗೆ ಬಂದು, ಮತ್ತೆ ಹೊರಟು, ಮತ್ತೆ ಒಳಬಂದು, ಕಣದಲ್ಲಿ ಎತ್ತು ಸುತ್ತಿದಂತೆ ಸುತ್ತುತ್ತದೆ. ಅದರ ಕಾಲ್ತುಳಿತದಲ್ಲಿ ಬೇರೆ ಯಾರ ಮಾತಿಗೂ ಜಾಗವಿರುವುದಿಲ್ಲ. ಕಸುಬಿಗೆ ಇಳಿದ ಮೊದಲ ತಿಂಗಳಲ್ಲಿ ಕಲಿಯುವ ಪಾಠ ಇದು.

ಮತ್ತು ಆ ನೀಲಿ ಕೇಬಲ್ ಅವನದೇ. ಹಬ್ಬಕ್ಕೆ ಮುಂಚೆ ಲ್ಯಾಪ್‌ಟಾಪ್ ಸಿಗಿಸಿ ಟೆಸ್ಟ್ ಮಾಡಿದವನು ಒಂದು ತುದಿಯನ್ನು ಸ್ವಿಚ್ಚಿನಲ್ಲೇ ಬಿಟ್ಟು ಹೋಗಿದ್ದ. ಪೂಜೆಯ ದಿನ ಇನ್ನೊಂದು ತುದಿ ಮುಂದೆ ಜೋತಾಡುತ್ತಿತ್ತು. ಅವಳು ಕೈ ಎತ್ತಿದಾಗ ಅಡ್ಡ ಬಂತು. ಅವನು ಅದನ್ನು ಸರಿಸಿ, ಬೆರಳಿನಿಂದ ತಡಕಿ, ಸಿಕ್ಕ ಖಾಲಿ ತೂತಿಗೆ ಒತ್ತಿಬಿಟ್ಟಿದ್ದ. ಅವತ್ತು ಎಲ್ಲ ಆಫ್ ಇತ್ತು, ಹಾಗಾಗಿ ಗೊತ್ತಾಗಲಿಲ್ಲ. ಕಣ್ಣು ತೂತಿನ ಮೇಲಿದ್ದಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಕಣ್ಣು ಬಳೆಗಳ ಮೇಲಿತ್ತು.

ಭೂಮಿ ಬಾಯಿಬಿಟ್ಟಿದ್ದರೆ ಅವನು ಸ್ಕ್ರೂಡ್ರೈವರ್ ಸಮೇತ ಇಳಿದುಹೋಗುತ್ತಿದ್ದ.

"ಏನಾಗಿತ್ತಣ್ಣ?" ವೇಬ್ರಿಡ್ಜ್ ನೋಡಿಕೊಳ್ಳುವ ಕೊಟ್ರೇಶ್ ಹಿಂದಿನಿಂದ ಕೇಳಿದ.

"ಲೂಸ್ ಇತ್ತು," ಅಂದ ಓಬಳೇಶ್. ನೀಲಿ ಕೇಬಲ್ ಸುತ್ತಿ ಪ್ಯಾಂಟಿನ ಜೇಬಿಗೆ ತುರುಕಿದ.

ತೂಕ ಒಳಗೆ ಬಂತು, ಬಿಲ್ ಆಯಿತು, ಮೊದಲ ಟ್ರಾಕ್ಟರ್ ಗುಡುಗಿಕೊಂಡು ಮುಂದೆ ಹೋಯಿತು. ರೈತರು ಓಬಳೇಶನಿಗೆ ಕೈಮುಗಿದರು. ಮಹೇಶ್ವರಪ್ಪ ಬೆನ್ನು ತಟ್ಟಿ, ಚಹಾ ತರಿಸಿ, "ನೀನಿಲ್ದಿದ್ರೆ ಇವತ್ತು ನಮ್ ಕತೆ ಮುಗೀತಿತ್ತು ನೋಡಪ್ಪ" ಅಂದರು. ಅವನು ಆ ಚಹಾ ಕುಡಿದ.

ಹೊರಗೆ ತಗಡಿನ ಚಪ್ಪರದಡಿ ಉಷಾ ಒಂದೊಂದು ಚೀಲದಿಂದ ಹಿಡಿ ಜೋಳ ತೆಗೆದು ಮಷಿನ್ನಿಗೆ ಸುರಿದು ತೇವ ನೋಡುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಜೋಳದ ಧೂಳು. ಅವನು ಬೈಕಿನ ಹತ್ತಿರ ಹೋಗುವಾಗ ಎದ್ದು ಬಂದಳು.

"ಒಂದು ಮಾತು ಕೇಳ್ಲಾ? ನಿಜವಾಗ್ಲೂ ಕುಂಕುಮದಿಂದಾನೇ ಆಗಿದ್ದೇನ್ರೀ?"

ಕೇಬಲ್ ತೊಡೆಗೆ ಚುಚ್ಚುತ್ತಿತ್ತು. ಕಿಟಕಿಯಲ್ಲಿ ಮಹೇಶ್ವರಪ್ಪ ನಿಂತಿದ್ದರು. ಇಲ್ಲ ಅನ್ನಲು ಬಾಯಿ ತೆರೆದ.

"ಹೂಂ," ಅಂದ. "ಸ್ವಲ್ಪ ಹಂಗೇ."

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣಿನ ಮೂಲೆಯಲ್ಲಿ ಏನೂ ಇರಲಿಲ್ಲ.

"ತಪ್ಪಾತು ಬಿಡ್ರಿ, ನಂಗೆ ತಿಳೀಲಿಲ್ಲ," ಅಂದು ಚೀಲಗಳ ಕಡೆ ತಿರುಗಿದಳು.

ತಾನು ಮಾಡಿದ ತಪ್ಪಿಗೆ ಅವಳ ಬಾಯಿಂದ ತಪ್ಪಾಯಿತು ಅನ್ನಿಸಿಕೊಂಡು ಓಬಳೇಶ್ ಹೊನ್ನಾಳಿಗೆ ಹೋದ. ಆಮೇಲೆ ಅನ್ನ ರುಚಿಸಲಿಲ್ಲ. ಗಡ್ಡ ಮಾಡಿಕೊಳ್ಳಲು ಕನ್ನಡಿ ಮುಂದೆ ನಿಂತರೆ ತನ್ನ ಮುಖವೇ ಬೇಡವಾಗುತ್ತಿತ್ತು. ನ್ಯಾಮತಿ ದಾರಿಯ ಕೆಲಸಗಳಿಗೆಲ್ಲ ಸುಳ್ಳು ನೆಪ ಹೇಳಿ, ಚನ್ನಗಿರಿ ಕಡೆಯ ಕೆಲಸ ಹುಡುಕಿಕೊಂಡು ಹೋದ.

ಸಂತೇಬೆನ್ನೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಕ್ಯಾಮೆರಾ ಜೋಡಿಸಬೇಕಿತ್ತು. ಅಲ್ಲಿನ ಸ್ವಿಚ್ ನೋಡಿದರೆ ಮೈತುಂಬ ಕುಂಕುಮ, ಅರಿಶಿನ, ಅಂಟಿಕೊಂಡ ಹೂವಿನ ಎಸಳು. ಹಳೆಯ ವರ್ಷಗಳ ಕುಂಕುಮವೂ ಕಪ್ಪಗೆ ಕೂತಿತ್ತು. ದೀಪಗಳು ನೆಮ್ಮದಿಯಿಂದ ಒಂದಾದ ಮೇಲೊಂದು ಮಿಣುಕುತ್ತಿದ್ದವು.

"ಎಂದಾದ್ರೂ ತೊಂದ್ರೆ ಕೊಟ್ಟೈತೇನಮ್ಮ ಇದು?" ಅಂತ ಅಂಗಡಿಯ ಸುಂಕಲಮ್ಮನನ್ನು ಕೇಳಿದ.

"ಯಾಕೆ ಕೊಡ್ತೈತಪ್ಪ? ವರ್ಷಾ ವರ್ಷಾ ಪೂಜೆ ಮಾಡ್ತೀನಿ," ಅಂದಳು ಆಕೆ.

ಓಬಳೇಶ್ ಏಣಿಯ ಮೇಲೆಯೇ ಕಣ್ಣು ಮುಚ್ಚಿ ಗೋಡೆಗೆ ಹಣೆ ಒರಗಿಸಿದ. ಸುಂಕಲಮ್ಮ ಕೆಳಗಿನಿಂದ, "ತಲೆ ತಿರುಗ್ತೈತೇನೋ, ಇಳಿಯಪ್ಪ" ಅಂದಳು.

ಸೋಮವಾರ ಯಾರೂ ಕರೆಯದೆ ಅವನು ಸಂಘಕ್ಕೆ ಬಂದ. ಕಮಿಟಿಯವರು ಮೇಜಿನ ಸುತ್ತ ಕೂತಿದ್ದರು. ಕೊಟ್ರೇಶ್ ಬಾಗಿಲಲ್ಲಿದ್ದ, ಕಿಟಕಿಯಾಚೆ ಎಂದಿನಂತೆ ರೈತರು. ಉಷಾ ಗೋಡೆಗೆ ಒರಗಿ ನಿಂತಿದ್ದಳು, ಅವಳ ವಿಷಯವೇ ಬಂದಿತ್ತು. ಇಷ್ಟು ಜನರ ಮುಂದೆಯೇ ಆಡಿದ ಮಾತು, ಇಷ್ಟು ಜನರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕೆಂದು ಅವನು ಸೋಮವಾರವನ್ನೇ ಹಿಡಿದು ಬಂದಿದ್ದ. ಬಾಗಿಲು ದಾಟುವಾಗ ಮಾತ್ರ ಕಾಲು ಹಿಂದಕ್ಕೆ ಎಳೆಯಿತು.

"ಸರ್, ಅವತ್ತು ನೆಟ್ ಕೆಟ್ಟಿದ್ದು ಕುಂಕುಮದಿಂದ ಅಲ್ಲ," ಅಂದ. ಜೇಬಿನಿಂದ ನೀಲಿ ಕೇಬಲ್ ತೆಗೆದು ಮೇಜಿನ ಮೇಲಿಟ್ಟ. "ಇದು ನನ್ ಕೇಬಲ್ಲು. ಪೂಜೆ ದಿನ ಇದರ ಎರಡನೇ ತುದೀನೂ ಅದೇ ಸ್ವಿಚ್ಚಿಗೆ ನಾನೇ ಸಿಗಿಸಿದ್ದು. ಇವರು ಮಾಡಿದ್ರಾಗೆ ಏನೂ ತಪ್ಪಿಲ್ಲ. ಗೊತ್ತಾದ ಮೇಲೂ ನಾನು ಬಾಯಿ ಬಿಡ್ಲಿಲ್ಲ, ನಿಮ್ ಚಾ ಕುಡಿದು ಹೋದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ.

ಮಹೇಶ್ವರಪ್ಪ ಕೇಬಲ್ಲನ್ನು ಹಾವು ಮುಟ್ಟುವಂತೆ ಪೆನ್ನಿನಿಂದ ಸರಿಸಿದರು. "ಅಲ್ಲಪ್ಪಾ, ಇದೇ ಕೆಲ್ಸ ಮಾಡ್ಕೊಂಡು ಬಂದೋನು ನೀನು. ಹೆಂಗೆ ಹಾಕ್ದೆ? ಕಣ್ಣು ಎಲ್ಲಿಟ್ಟಿದ್ದೆ?"

ಅವರು ಬೈಯಲೆಂದು ಕೇಳಿದ್ದು. ಆದರೆ ಓಬಳೇಶನ ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು. ನಿಜ ಹೇಳಿದರೆ ಗೋಡೆಗೆ ಒರಗಿದವಳ ಹೆಸರು ಊರ ಬಾಯಿಗೆ ಬೀಳುತ್ತದೆ. ಒಮ್ಮೆ ಬೀಳಿಸಿದ್ದು ಸಾಲದೇ?

"ಅದಕ್ಕೆ ಇಲ್ಲಿ ಉತ್ತರ ಹೇಳಾಕೆ ಬರಲ್ಲ ಸರ್," ಅಂದ. "ಹೇಳಿದ್ರೆ ಇನ್ನೊಂದು ತಪ್ಪಾಗ್ತೈತೆ. ನನ್ನ ಬೇಕಾದ್ದು ಮಾಡ್ರಿ."

ಬೇಕಾದ್ದೇ ಮಾಡಿದರು. ಕಾಂಟ್ರಾಕ್ಟ್ ಅಲ್ಲೇ ರದ್ದಾಯಿತು, ದಾವಣಗೆರೆಯಿಂದ ಬೇರೆಯವರನ್ನು ಕರೆಸುವುದೆಂದಾಯಿತು. ಸುಳ್ಳು ಹೇಳಿದವನನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ ಅಂತ ಒಬ್ಬ ಸದಸ್ಯರು ಅವನ ಎದುರಿಗೇ ಅಂದರು. ಆಮೇಲೆ ಮಹೇಶ್ವರಪ್ಪ ಡ್ರಾಯರ್ ತೆಗೆದು ಗೂಡಿನ ಬೀಗದ ಕೈಯನ್ನು ಉಷಾಳ ಕಡೆ ಚಾಚಿ, "ತಗಳಮ್ಮ, ಕಾಯಂ ಮಾಡಾಕೆ ಇನ್ನೇನು ಅಡ್ಡಿ ಐತೆ" ಅಂದರು. ಅಷ್ಟನ್ನು ಕೇಳಿಸಿಕೊಂಡು ಓಬಳೇಶ್ ಹೊರಗೆ ಬಂದ. ಕೊಟ್ರೇಶ್ ದಾರಿ ಬಿಟ್ಟ, ಅಣ್ಣ ಅನ್ನಲಿಲ್ಲ.

ಬೈಕಿಗೆ ಕೀಲಿ ಹಾಕುವಾಗ ಹಿಂದಿನಿಂದ ಹೆಜ್ಜೆ ಸದ್ದಾಯಿತು.

"ನಿಲ್ರಿ. ಒಳಗೆ ಉತ್ತರ ಹೇಳ್ಲಿಲ್ಲ ನೀವು. ಇಲ್ಲಿ ಹೇಳ್ರಿ. ಕಣ್ಣು ಎಲ್ಲಿತ್ತು?"

ಅವನು ಬೈಕಿನ ಟೈರು ನೋಡುತ್ತ ನಿಂತ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

"ನಿಮ್ ಮೇಲೆ," ಅಂದ.

ವೇಬ್ರಿಡ್ಜ್ ಮೇಲೆ ಒಂದು ಗಾಡಿ ಹತ್ತಿ ಇಳಿಯಿತು.

"ಆ ನೀಲಿ ವೈರು ನೀವು ಸಿಗಿಸಿದ್ದು ನಾನು ನೋಡಿದ್ದೆ," ಅಂದಳು.

"ನೋಡಿದ್ರಾ? ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಪೂಜೆ ಮಾಡೋ ಹೊತ್ನಾಗೆ ನಿನ್ ಕಣ್ಣು ಅವನ ಕೈಮೇಲೆ ಯಾಕಿತ್ತಮ್ಮ ಅಂತ ಅವರು ಕೇಳಿದ್ರೆ?" ಅವಳ ಮುಖಕ್ಕೆ ರಕ್ತ ನುಗ್ಗಿತು. ಆದರೂ ನಿಲ್ಲಿಸಲಿಲ್ಲ. "ಅದರಿಂದಾನೇ ಕೆಟ್ಟಿದ್ದು ಅಂತ ನಂಗೆ ಖಾತ್ರಿ ಇರ್ಲಿಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು. ನೀವು ಹೂಂ ಅಂದ್ರಿ. ಅವರೆಲ್ಲ ನಕ್ಕಿದ್ದು ಆವತ್ತು ಸಂಜಿಗೇ ಮರೆತೆ. ನಿಮ್ ಹೂಂ ಮರೆಯಾಕೆ ಆಗ್ಲಿಲ್ಲ."

ಓಬಳೇಶನ ಕಣ್ಣು ತುಂಬಿ ಟೈರು ಕಲಸಿಹೋಯಿತು.

"ಇವತ್ತು ಬಂದು ಹೇಳಿದ್ರಿ ಅಂತ ಎಲ್ಲಾ ಸರಿಹೋತು ಅನ್ಕೋಬ್ಯಾಡ್ರಿ."

"ಇಲ್ಲ."

"ಬಾಳ ದಿನ ಸಿಟ್ಟಿರ್ತೈತೆ ನಂಗೆ."

"ಇರ್ಲಿ."

"ಕಾಂಟ್ರಾಕ್ಟೂ ಹೋತು. ಇನ್ನ ಯಾವ ಕೆಲ್ಸಕ್ಕೆ ಅಂತ ನ್ಯಾಮತಿಗೆ ಬರ್ತೀರಿ?"

ಅವನು ಯೋಚಿಸಿದ. ನೆಪ ಹುಡುಕುವುದರಲ್ಲಿ ಅವನು ಪಳಗಿದವನೇ, ಆದರೆ ಈಗ ಒಂದೂ ಬೇಡವೆನಿಸಿತು. "ಕೆಲ್ಸಕ್ಕಲ್ಲ. ನಿಮ್ಮನ್ನ ನೋಡಾಕೆ ಬರ್ತೀನಿ," ಅಂತ ಟೈರಿಗೆ ಹೇಳಿದ.

"ನೆಲಕ್ಕೆ ಹೇಳಿದ್ರೆ ನಂಗೇನು ಗೊತ್ತಾಗ್ತೈತೆ? ತಲೆ ಎತ್ತಿ ಹೇಳ್ರಿ."

ತಲೆ ಎತ್ತುವುದು ಒಳಗೆ ಕಮಿಟಿಯ ಮುಂದೆ ನಿಂತದ್ದಕ್ಕಿಂತ ಕಷ್ಟವಾಯಿತು. ಎತ್ತಿದ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು, ಅವಳ ಕಣ್ಣೂ ಒದ್ದೆಯಾಗಿತ್ತು. ಅವಳ ಹಿಂದೆ ಕಿಟಕಿಯ ತುಂಬ ಜನ, ನಡುವೆ ಮಹೇಶ್ವರಪ್ಪನವರ ಕನ್ನಡಕ.

"ನಿಮ್ಮನ್ನ ನೋಡಾಕೆ ಬರ್ತೀನಿ, ಉಷಾ," ಅಂದ. ಇಷ್ಟು ಹೊತ್ತು ತಡೆದಿಟ್ಟ ದನಿ, ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಕಿಟಕಿಯಲ್ಲಿದ್ದವರಿಗೆಲ್ಲ ಕೇಳಿಸಿತು.

ಉಷಾ ತಿರುಗಿ ಕಿಟಕಿಯ ಕಡೆ ನೋಡಿದಳು. ಸೆರಗು ಎಳೆದುಕೊಂಡು ಓಡಿಹೋಗುತ್ತಾಳೆ ಅಂದುಕೊಂಡ ಅವನು. ಅವಳು ಓಡಲಿಲ್ಲ.

"ಇಲ್ಲಿಗೆ ಬರಬ್ಯಾಡ್ರಿ," ಅಂದಳು, ಅವರಿಗೂ ಕೇಳಿಸುವಷ್ಟೇ ಗಟ್ಟಿಯಾಗಿ. "ಭಾನುವಾರ ನಮ್ಮತ್ತೆ ಮನೆಗೆ ಬರ್ರಿ. ಬರೋರು ಇದಾರೆ ಅಂತ ನಾನೇ ಹೇಳಿರ್ತೀನಿ."